ಕುಣಿದರೆ ಎರಡು ವರ್ಷ ಜೈಲು

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಾಧೀಶರು ಒಂದು ತೀರ್ಪು ಕೊಟ್ಟರು. ವಯಸ್ಸಿಗೆ ಬಂದ ಇಬ್ಬರು ಒಪ್ಪಿ ಕೂಡಿದರೆ, ಅವರು ಗಂಡು-ಗಂಡಾಗಿರಲಿ ಹೆಣ್ಣು-ಹೆಣ್ಣಾಗಿರಲಿ, ಅದು ಅಪರಾಧವಲ್ಲ ಎಂದರು. ಇಂಗ್ಲಿಷರು 1860ರಲ್ಲಿ ಬರೆದಿಟ್ಟ ದಂಡ ಸಂಹಿತೆಯ 377ನೇ ಕಲಮಿನ ಹಲ್ಲು ಅವತ್ತು ಮುರಿಯಿತು. ಆ ಕೇಸಿನ ಹೆಸರು ‘ನವತೇಜ್ ಸಿಂಗ್ ಜೋಹರ್ ಮತ್ತು ಭಾರತ ಒಕ್ಕೂಟ’. ಕಾನೂನು ಓದುವ ನಮ್ಮ ಗೆಳೆಯರು ಈ ಹೆಸರನ್ನು ಪರೀಕ್ಷೆಗೆ ಉರು ಹೊಡೆದಿರುತ್ತಾರೆ. ಈ ಜೋಹರ್ ಅನ್ನೋರು ಯಾರು, ಏನು ಕೆಲಸ ಮಾಡ್ತಾರೆ ಅಂತ ಕೇಳಿ ನೋಡಿ. ಯಾರೋ ದೊಡ್ಡ ವಕೀಲರಿರಬೇಕು ಅಂತಾರೆ. ಅಲ್ಲ. ಅವರು ಕುಣಿಯುವವರು, ಕುಣಿತ ಕಲಿಸುವವರು, ಕುಣಿತದ ಚರಿತ್ರೆಯನ್ನು ಕೆದಕಿ ಬರೆಯುವವರು.

ಪಂಜಾಬಿನ ಸಿಖ್ ಮನೆತನದ ಈ ಗಂಡಸು 1980ರ ದಶಕದಲ್ಲಿ ಮದರಾಸಿನ ಕಲಾಕ್ಷೇತ್ರದಲ್ಲಿ ಭರತನಾಟ್ಯ ಕಲಿತರು. ಆಮೇಲೆ ನ್ಯೂಯಾರ್ಕಿಗೆ ಹೋಗಿ ಪ್ರದರ್ಶನ ಕಲೆಗಳ ಅಧ್ಯಯನ ಮಾಡಿದರು. ದೆಹಲಿಯಲ್ಲಿ ‘ಅಭ್ಯಾಸ’ ಅಂತ ಒಂದು ಜಾಗ ಕಟ್ಟಿಕೊಂಡು ನೃತ್ಯವನ್ನೂ ಯೋಗವನ್ನೂ ಕಲಿಸಿದರು, ಅಶೋಕ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ಭರತನಾಟ್ಯದ ಒಳಗೇ ನಿಂತು ಸಮಕಾಲೀನ ನೃತ್ಯ ಕಟ್ಟಿದವರು. ಇಪ್ಪತ್ತನೇ ಶತಮಾನದ ಸುಧಾರಕರು ನೃತ್ಯಕ್ಕೆ ಭಕ್ತಿಯ ಬಟ್ಟೆ ಉಡಿಸಿ, ರಾಷ್ಟ್ರದ ಬಾವುಟ ಕೈಗೆ ಕೊಟ್ಟು, ಕುಣಿಯುವ ಮೈಯ ಸ್ವಂತ ಸುಖವನ್ನು ಕಿತ್ತುಕೊಂಡರು ಅನ್ನೋದು ಅವರು ಮತ್ತೆ ಮತ್ತೆ ಹೇಳುವ ಮಾತು. ತಾವು ಕಲಿತ ಮನೆಯನ್ನೇ ಹೀಗೆ ಪ್ರಶ್ನಿಸಿದ ಮನುಷ್ಯ ಕೋರ್ಟಿಗೂ ಹೋದರು. 2009ರಲ್ಲಿ ದೆಹಲಿ ಹೈಕೋರ್ಟು 377ನ್ನು ಸಡಿಲಿಸಿತ್ತು. 2013ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ತೀರ್ಪನ್ನು ಅಳಿಸಿಹಾಕಿತು. 2016ರಲ್ಲಿ ಜೋಹರ್, ಅವರ ಸಂಗಾತಿ ಪತ್ರಕರ್ತ ಸುನಿಲ್ ಮೆಹ್ರಾ, ಇನ್ನೂ ಮೂವರು ಸೇರಿ, ನಾವೇ ಆ ಜನ, ನಮ್ಮ ಬದುಕೇ ಅಪರಾಧವೋ ಹೇಳಿ ಅಂತ ಅರ್ಜಿ ಹಾಕಿದರು.

ಇಲ್ಲಿ ನಮ್ಮವರು ಒಂದು ಪ್ರಶ್ನೆ ಎತ್ತುತ್ತಾರೆ, ಎತ್ತಲೇಬೇಕು. ಆ ಐವರಲ್ಲಿ ಒಬ್ಬರು ಹೋಟೆಲಿನ ಒಡೆಯರು, ಒಬ್ಬರು ಹೆಸರಾಂತ ಬಾಣಸಿಗರು. ಉಳ್ಳವರ ಅರ್ಜಿ ಅದು. ಹೌದು. ಆದರೆ ಅದೇ 2016ರಲ್ಲಿ ನಮ್ಮ ಬೆಂಗಳೂರಿನಿಂದ ಅಕ್ಕಯ್ ಪದ್ಮಶಾಲಿ ಮತ್ತು ಅವರ ಗೆಳತಿಯರು, ಬೀದಿಯಲ್ಲಿ ಪೊಲೀಸರ ಲಾಠಿ ಕಂಡ ಸಮುದಾಯದವರು, ಅದೇ ಕಲಮಿನ ವಿರುದ್ಧ ಅದೇ ಕೋರ್ಟಿಗೆ ಹೋದರು. ಕೇಸಿಗೆ ಮಾತ್ರ ಅವರ ಹೆಸರು ಬರಲಿಲ್ಲ. ಇದನ್ನು ಹೇಳಿ ಜೋಹರ್ ಅವರನ್ನು ಸಣ್ಣವರು ಮಾಡೋದು ನಮ್ಮ ಉದ್ದೇಶ ಅಲ್ಲ. ಒಬ್ಬ ನೃತ್ಯಗಾರನ ಹೆಸರು ಆ ತೀರ್ಪಿನ ಮೇಲೆ ಇರುವುದಕ್ಕೆ ಅವರೇ ಯೋಚಿಸಿರಲಾರದಷ್ಟು ಹಳೆಯ ಹಿನ್ನೆಲೆ ಇದೆ. ಈ ದೇಶದಲ್ಲಿ ಕುಣಿಯುವುದನ್ನೇ ಅಪರಾಧ ಮಾಡಿದ ಕಾನೂನೊಂದಿತ್ತು.

ಗೆಳೆಯರೇ, 1871ರ ‘ಅಪರಾಧಿ ಬುಡಕಟ್ಟು’ ಕಾಯಿದೆಯ ಹೆಸರು ನಿಮಗೆ ಗೊತ್ತು. ಕೊರಚರು, ಕೊರಮರು, ಇನ್ನೂ ಎಷ್ಟೋ ಅಲೆಮಾರಿಗಳ ಬೆನ್ನ ಮೇಲೆ ಹುಟ್ಟುಗಳ್ಳರೆಂಬ ಬರೆ ಎಳೆದ ಕಾಯಿದೆಗಳ ತಾಯಿ ಅದು. ಆ ಕಾಯಿದೆಯ ಮೊದಲ ಭಾಗವನ್ನು ನಾವು ಎಷ್ಟೋ ಸಭೆಗಳಲ್ಲಿ ಮಾತಾಡಿದ್ದೇವೆ. ಎರಡನೇ ಭಾಗವನ್ನು ಮಾತಾಡಿದವರು ಕಡಿಮೆ. ಅದು ಹಿಜ್ರಾಗಳ ಬಗ್ಗೆ. ಸರ್ಕಾರ ಅನುಮಾನಿಸಿದ ಪ್ರತಿಯೊಬ್ಬ ‘ನಪುಂಸಕ’ನ ಹೆಸರು, ವಾಸದ ಜಾಗ, ಆಸ್ತಿಯನ್ನು ಪುಸ್ತಕದಲ್ಲಿ ಬರೆದಿಡಬೇಕು. ಹಾಗೆ ಹೆಸರು ಬರೆಸಿಕೊಂಡವರು ಹೆಣ್ಣಿನ ಬಟ್ಟೆ, ಹೆಣ್ಣಿನ ಒಡವೆ ತೊಟ್ಟು ಬೀದಿಯಲ್ಲಿ ಕಾಣಿಸಿಕೊಂಡರೆ, ಬೀದಿಯಲ್ಲಿ ಕುಣಿದರೆ, ವಾದ್ಯ ನುಡಿಸಿದರೆ, ವಾರಂಟ್ ಇಲ್ಲದೆ ಹಿಡಿಯಬಹುದು. ಎರಡು ವರ್ಷದ ತನಕ ಜೈಲು, ಇಲ್ಲಾ ದಂಡ, ಇಲ್ಲಾ ಎರಡೂ. ಕದ್ದಿದ್ದಕ್ಕಲ್ಲ, ಬಡಿದಿದ್ದಕ್ಕಲ್ಲ. ಕಾಲಿಗೆ ಗೆಜ್ಜೆ ಕಟ್ಟಿದ್ದಕ್ಕೆ.

ಅದೇ ಕಾಯಿದೆಯ ಮುಂದಿನ ಕಲಮು ಇನ್ನೂ ಕ್ರೂರ. ಹೆಸರು ಬರೆಸಿಕೊಂಡವರ ಮನೆಯಲ್ಲಿ ಹದಿನಾರು ವರ್ಷದೊಳಗಿನ ಹುಡುಗ ಇರುವಂತಿಲ್ಲ. ಅವರು ದತ್ತು ತಗೊಳ್ಳುವಂತಿಲ್ಲ, ಉಯಿಲು ಬರೆಯುವಂತಿಲ್ಲ, ಮಗುವೊಂದರ ಪೋಷಕರಾಗುವಂತಿಲ್ಲ. ಮೇಲುನೋಟಕ್ಕೆ ಮಕ್ಕಳ ರಕ್ಷಣೆ ಅಂತ ಕಾಣುತ್ತೆ. ಆದರೆ ಹಿಜ್ರಾ ಮನೆಯಲ್ಲಿ ಗುರು ಉಂಟು, ಚೇಲಾ ಉಂಟು. ಮನೆ ಬಿಟ್ಟು ಓಡಿಬಂದ ಎಳೆಯರು ಗುರುವಿನ ನೆರಳಲ್ಲೇ ಹಾಡು, ಕುಣಿತ, ಬದುಕುವ ದಾರಿ ಕಲಿಯುತ್ತಿದ್ದರು. ಆ ಕಲಮು ಕಡಿದದ್ದು ಈ ಬಳ್ಳಿಯನ್ನು. ಕುಣಿಯುವವರನ್ನು ಜೈಲಿಗೆ ಹಾಕಿದರೆ ಸಾಲದು, ಕಲಿಯುವವರೇ ಹುಟ್ಟಬಾರದು. ಜೆಸ್ಸಿಕಾ ಹಿಂಚಿ ಎಂಬ ಚರಿತ್ರೆಕಾರ್ತಿ ಈ ಕಾಯಿದೆಯ ಕಡತಗಳನ್ನು ಓದಿ 2019ರಲ್ಲಿ ಒಂದು ದೊಡ್ಡ ಪುಸ್ತಕ ಬರೆದಿದ್ದಾರೆ. ಹಿಜ್ರಾ ಸಮುದಾಯ ನಿಧಾನಕ್ಕೆ ಸತ್ತು ಮುಗಿಯಲಿ ಅನ್ನೋದೇ ಅಧಿಕಾರಿಗಳ ಲೆಕ್ಕಾಚಾರವಾಗಿತ್ತು ಅಂತ ಅವರು ತೋರಿಸುತ್ತಾರೆ. ಬಾಯಿಗೆ ಬೀಗ ಹಾಕುವುದಕ್ಕಿಂತ ಪಾಠಶಾಲೆಗೆ ಬೀಗ ಹಾಕುವುದು ಸುಲಭ ಅಂತ ಆಳುವವರಿಗೆ ಯಾವತ್ತೂ ಗೊತ್ತಿತ್ತು. ಶಂಬೂಕನ ಕಥೆ ಕೇಳಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಕಾಯಿದೆ ಹೆಚ್ಚಾಗಿ ನಡೆದದ್ದು ಇಂದಿನ ಉತ್ತರ ಪ್ರದೇಶದ ಕಡೆ. 1911ರ ಹೊಸ ಕಾಯಿದೆಯಲ್ಲಿ ಹಿಜ್ರಾ ಭಾಗ ಇರಲಿಲ್ಲ. ಹಾಗಂತ ಕಲೆ ಅಳಿಯಿತೇ? ಸ್ವಾತಂತ್ರ್ಯ ಬಂದು ಅರವತ್ತು ವರ್ಷ ದಾಟಿದ ಮೇಲೆ, 2011ರಲ್ಲಿ, ನಮ್ಮ ಕರ್ನಾಟಕ ಪೊಲೀಸ್ ಕಾಯಿದೆಗೆ 36ಎ ಅಂತ ಒಂದು ಕಲಮು ಸೇರಿಸಿದರು. ‘ನಪುಂಸಕ’ರ ಹೆಸರು, ವಿಳಾಸದ ಪಟ್ಟಿ ಇಡುವ ಅಧಿಕಾರ ಪೊಲೀಸರಿಗೆ. 1871ರ ವಾಕ್ಯಗಳೇ ಮಣ್ಣಿಂದೆದ್ದು ಬಂದು ವಿಧಾನಸೌಧದಲ್ಲಿ ಕೂತವು. ಲೈಂಗಿಕ ಅಲ್ಪಸಂಖ್ಯಾತರ ಸಂಘಟನೆ ಹೈಕೋರ್ಟಿಗೆ ಹೋದ ಮೇಲೆ ಸರ್ಕಾರ ಆ ಪದವನ್ನು ತಿದ್ದಬೇಕಾಯಿತು.

ಈಗ ದಕ್ಷಿಣಕ್ಕೆ ಬರೋಣ. ಇಲ್ಲಿ ಕುಣಿತವನ್ನು ಕಸಿದುಕೊಂಡ ಬಗೆ ಬೇರೆ. ಮೈಸೂರು ಸಂಸ್ಥಾನ 1909ರಲ್ಲಿ ದೇವಸ್ಥಾನದ ದೇವದಾಸಿ ಸೇವೆಯನ್ನು ನಿಲ್ಲಿಸಿತು. ಮದರಾಸು 1947ರಲ್ಲಿ ಕಾನೂನು ಮಾಡಿತು. ಹೆಣ್ಣನ್ನು ದೇವರ ಹೆಸರಲ್ಲಿ ಹಂಚಿಕೊಳ್ಳುವ ಪದ್ಧತಿ ಸಾಯಲೇಬೇಕಿತ್ತು, ಇದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಕೈ ಆ ಹೆಂಗಸರನ್ನು ರಂಗದಿಂದ ಇಳಿಸುತ್ತಿದ್ದಾಗಲೇ ಇನ್ನೊಂದು ಕೈ ಅವರ ಸದಿರ್ ಆಟವನ್ನು ಎತ್ತಿಕೊಂಡು ತೊಳೆದು ಮಡಿ ಮಾಡಿ ‘ಭರತನಾಟ್ಯ’ ಅಂತ ಹೊಸ ನಾಮಕರಣ ಮಾಡುತ್ತಿತ್ತು. ರುಕ್ಮಿಣಿ ದೇವಿಯವರು 1935ರಲ್ಲಿ ರಂಗವೇರಿದರು, 1936ರಲ್ಲಿ ಅಡ್ಯಾರಿನಲ್ಲಿ ಕಲಾಕ್ಷೇತ್ರ ಹುಟ್ಟಿತು. ಅವರಿಗೆ ಕಲಿಸಿದ್ದು ಪಂದನಲ್ಲೂರಿನ ಮೀನಾಕ್ಷಿಸುಂದರಂ ಪಿಳ್ಳೆ, ಆ ಕಲೆಯನ್ನೇ ಬಾಳಿದ ಜಾತಿಯ ನಟ್ಟುವನಾರ್. ವಿದ್ಯೆ ಅವರದು, ಶಾಲೆ ಇವರದು. ಅವರದು ‘ಕುಣಿತ’ ಆಗಿದ್ದು ಇವರ ಕಾಲಿಗೆ ಬಂದಾಗ ‘ನೃತ್ಯ’ ಆಯಿತು. ನಮ್ಮ ಕಡೆ ಈವತ್ತಿಗೂ ನೋಡಿ: ಸೋಮನ ಕುಣಿತ, ಪಟದ ಕುಣಿತ, ಡೊಳ್ಳು ಕುಣಿತ. ನೃತ್ಯ ಅನ್ನೋ ಪದ ಕೇರಿ ದಾರಿ ತುಳಿದದ್ದೇ ಇಲ್ಲ.

ಇದೆಲ್ಲ ಹೆಣ್ಣಿನ ಕಥೆ ಆಯಿತು. ಗಂಡು ಮೈಗೆ ಆದದ್ದೇನು? ಹರಿ ಕೃಷ್ಣನ್ ಎಂಬ ಇನ್ನೊಬ್ಬ ನೃತ್ಯಗಾರರಿದ್ದಾರೆ. ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು, ಟೊರಾಂಟೊದಲ್ಲಿ ‘ಇನ್‌ಡಾನ್ಸ್’ ಎಂಬ ತಂಡ ಕಟ್ಟಿದವರು, ತಾವು ಸಲಿಂಗಿ ಅಂತ ಬಚ್ಚಿಡದೆ ಸಮಕಾಲೀನ ನೃತ್ಯ ಕಟ್ಟುವವರು. ಅವರ ಗುರು ತಂಜಾವೂರು ಕಿಟ್ಟಪ್ಪ ಪಿಳ್ಳೆ. ಕಿಟ್ಟಪ್ಪನವರ ಪೂರ್ವಿಕರೇ ತಂಜಾವೂರಿನ ನಾಲ್ವರು ಅಣ್ಣತಮ್ಮಂದಿರು. ಅವರಲ್ಲಿ ಹಿರಿಯ ಚಿನ್ನಯ್ಯ ನಮ್ಮ ಮೈಸೂರಿಗೆ, ಮುಮ್ಮಡಿ ಕೃಷ್ಣರಾಜ ಒಡೆಯರ ಆಸ್ಥಾನಕ್ಕೆ ಬಂದವರು. ಹರಿ ಕೃಷ್ಣನ್ 2009ರಲ್ಲಿ ಒಂದು ಲೇಖನ ಬರೆದರು. ಹಳೆಯ ಆಸ್ಥಾನ ನೃತ್ಯದಲ್ಲಿ ಹೆಣ್ಣಿನ ವೇಷ ತೊಟ್ಟು, ಹೆಣ್ಣಿನ ಪದಗಳಿಗೆ ಅಭಿನಯಿಸುವ ಗಂಡಸರಿದ್ದರು. ಇಪ್ಪತ್ತನೇ ಶತಮಾನದಲ್ಲಿ ಅವರು ಮಾಯವಾಗಿ, ಎದೆ ಸೆಟೆಸಿದ, ತೋಳು ಬಿಗಿದ, ನಟರಾಜನಂತೆ ನಿಂತ ಹೊಸ ಗಂಡು ತಯಾರಾದ ಅನ್ನೋದು ಅದರ ತಿರುಳು. ಬೆಂಗಳೂರಿನಲ್ಲಿ ಹುಟ್ಟಿ 1939ರಲ್ಲಿ ಲಂಡನ್ನಿನ ರಂಗದ ಮೇಲೆ ಕುಣಿದ ರಾಮ್ ಗೋಪಾಲ್ ಅವರ ಹಳೆಯ ಫೋಟೋಗಳನ್ನು ನೋಡಿದರೆ ಈ ಮಾತು ತಟ್ಟನೆ ಹೊಳೆಯುತ್ತೆ. ಬರಿ ಮೈ, ಎತ್ತರದ ಕಿರೀಟ, ಹುರಿಗಟ್ಟಿದ ಮೈಕಟ್ಟು. ಇಂಗ್ಲಿಷರು ನಮ್ಮನ್ನು ಹೆಂಗರುಳಿನವರು ಅಂತ ಹೀಯಾಳಿಸಿದರಲ್ಲ, ಅದಕ್ಕೆ ಉತ್ತರವಾಗಿ ರಾಷ್ಟ್ರಕ್ಕೆ ಒಬ್ಬ ಗಂಡು ಬೇಕಾಗಿತ್ತು. ಆ ಗಂಡಿನ ಸೊಂಟ ಬಳುಕುವಂತಿರಲಿಲ್ಲ.

ಆದರೆ ಎಲ್ಲರ ಸೊಂಟಕ್ಕೂ ಈ ನಿಷೇಧ ಇತ್ತೇ? ಇಲ್ಲ ಸ್ವಾಮಿ. ಇಲ್ಲೇ ಜಾತಿಯ ಕೈಚಳಕ ಇರೋದು. ಆಂಧ್ರದ ಕೂಚಿಪುಡಿ ಊರಿನಲ್ಲಿ ಬ್ರಾಹ್ಮಣ ಗಂಡಸರು ತಲೆಮಾರುಗಳಿಂದ ಸೀರೆ ಉಟ್ಟು ಸತ್ಯಭಾಮೆಯಾಗಿ ಕುಣಿದರು. ಅವರಲ್ಲಿ ಹೆಸರಾದ ವೇದಾಂತಂ ಸತ್ಯನಾರಾಯಣ ಶರ್ಮರಿಗೆ 1970ರಲ್ಲಿ ಪದ್ಮಶ್ರೀ ಬಂತು. ಅವರು ದೊಡ್ಡ ಕಲಾವಿದರು, ಅನುಮಾನವೇ ಬೇಡ. ಆದರೆ ಲೆಕ್ಕ ನೋಡಿ. ಬ್ರಾಹ್ಮಣ ಸೀರೆ ಉಟ್ಟರೆ ಸ್ತ್ರೀವೇಷ, ಜೋಗಪ್ಪ ಸೀರೆ ಉಟ್ಟರೆ ಪೊಲೀಸ್ ಸ್ಟೇಷನ್. ಹರ್ಷಿತಾ ಮೃತಿಂಟಿ ಕಾಮತ್ ಎಂಬ ಸಂಶೋಧಕಿ, ಅಮೆರಿಕದ ಎಮರಿ ವಿಶ್ವವಿದ್ಯಾಲಯದವರು, 2019ರಲ್ಲಿ ಈ ಬಗ್ಗೆಯೇ ಒಂದು ಪುಸ್ತಕ ತಂದರು. ಕೂಚಿಪುಡಿಯ ಗಂಡು ಹೆಣ್ಣಾಗಿ ಕುಣಿದಾಗ ಅವನ ಬ್ರಾಹ್ಮಣ ಗಂಡಸುತನ ಕರಗುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತೆ ಅನ್ನೋದು ಅವರ ವಾದ. ಅದೇ ಊರಿನ ಬ್ರಾಹ್ಮಣ ಹೆಂಗಸರಿಗೆ ರಂಗವೇ ಇರಲಿಲ್ಲ. ವೆಂಪಟಿ ಚಿನಸತ್ಯಂ ಮದರಾಸಿಗೆ ಬಂದು 1963ರಲ್ಲಿ ಶಾಲೆ ತೆರೆದು ಹೆಣ್ಣುಮಕ್ಕಳಿಗೆ ಕಲಿಸತೊಡಗಿದ ಮೇಲೆ ಸೀರೆ ಉಟ್ಟ ಗಂಡಸಿನ ಬೆಲೆ ಇಳಿಯತೊಡಗಿತು. ಯಾರಿಗೆ ಕಲಿಸುತ್ತೀವಿ ಅನ್ನೋದು ಬದಲಾದರೆ ಕಲೆಯ ಲಿಂಗವೂ ಬದಲಾಗುತ್ತೆ.

ಕೇರಳದ್ದು ನಿನ್ನೆ ಮೊನ್ನೆಯ ಮಾತು. ಆರ್.ಎಲ್.ವಿ. ರಾಮಕೃಷ್ಣನ್ ದಲಿತರು, ಸಿನಿಮಾ ನಟ ಕಲಾಭವನ್ ಮಣಿಯವರ ತಮ್ಮ. ಮೋಹಿನಿಯಾಟ್ಟ ಕಲಿತು, ಅದರಲ್ಲೇ ಪಿಎಚ್.ಡಿ. ಮಾಡಿದವರು. ಮೋಹಿನಿಯಾಟ್ಟ ಅಂದರೆ ಮೋಹಿನಿಯ ಆಟ, ಹೆಣ್ಣಿನದು ಅಂತ ಎಲ್ಲರೂ ಮುದ್ರೆ ಒತ್ತಿದ ಕಲೆ. (ಪುರಾಣದ ಮೋಹಿನಿ ಹೆಣ್ಣಾಗಿ ಬಂದ ವಿಷ್ಣು ಅನ್ನೋದನ್ನು ಯಾಕೋ ಎಲ್ಲರೂ ಮರೀತಾರೆ!) 2020ರಲ್ಲಿ ಕೇರಳದ ಸಂಗೀತ ನಾಟಕ ಅಕಾಡೆಮಿಯ ಕಾರ್ಯಕ್ರಮದಲ್ಲಿ ಅವರಿಗೆ ರಂಗ ಸಿಗಲಿಲ್ಲ, ಅದು ದೊಡ್ಡ ಗಲಾಟೆಯಾಯಿತು. 2024ರ ಮಾರ್ಚಿನಲ್ಲಿ ಒಬ್ಬ ಹಿರಿಯ ನೃತ್ಯಗುರು ಸಂದರ್ಶನವೊಂದರಲ್ಲಿ, ಹೆಸರು ಹೇಳದೆ, ಕಪ್ಪು ಬಣ್ಣದ ಗಂಡಸರು ಮೋಹಿನಿಯಾಟ್ಟ ಕುಣಿಯುವುದನ್ನು ಕಾಗೆಗೆ ಹೋಲಿಸಿ ಹಳಿದರು. ಚೆಲುವಿದ್ದವರು ಮಾತ್ರ ಕುಣಿಯಬೇಕು ಅಂದರು. ಯಾರಿಗೆ ಹೇಳಿದ್ದು ಅಂತ ಇಡೀ ಕೇರಳಕ್ಕೆ ಗೊತ್ತಾಯಿತು. ಬಣ್ಣ, ಗಂಡಸುತನ, ಜಾತಿ, ಮೂರೂ ಒಂದೇ ಉಗುಳಲ್ಲಿ ಬಂದವು.

ಕೇರಳ ಸುಮ್ಮನಿರಲಿಲ್ಲ. ವಿದ್ಯಾರ್ಥಿಗಳು ಕರೆದು ವೇದಿಕೆ ಕೊಟ್ಟರು, ರಾಮಕೃಷ್ಣನ್ ಗೆಜ್ಜೆ ಕಟ್ಟಿ ಕುಣಿದರು. ಅದೇ ತಿಂಗಳು ಕೇರಳ ಕಲಾಮಂಡಲಂ ತನ್ನ ಮೋಹಿನಿಯಾಟ್ಟ ತರಗತಿಗಳನ್ನು ಗಂಡುಮಕ್ಕಳಿಗೂ ತೆರೆಯುವ ತೀರ್ಮಾನ ಮಾಡಿತು. ಕವಿ ವಳ್ಳತ್ತೋಳ್ 1930ರಲ್ಲಿ ಕಟ್ಟಿದ ಸಂಸ್ಥೆ ಅದು. 2025ರ ಜನವರಿಯಲ್ಲಿ ರಾಮಕೃಷ್ಣನ್ ಅಲ್ಲಿ ಸಹಾಯಕ ಪ್ರಾಧ್ಯಾಪಕರಾಗಿ ಸೇರಿದರು. ಆ ಸಂಸ್ಥೆಯ ನೃತ್ಯ ವಿಭಾಗದಲ್ಲಿ ಇಂಥ ಹುದ್ದೆಗೆ ಬಂದ ಮೊದಲ ಗಂಡಸು ಅಂತ ಪತ್ರಿಕೆಗಳು ಬರೆದವು. ಆದರೂ ಒಂದು ಚುರುಕು ಉಳಿದೇ ಇದೆ. ಡಾಕ್ಟರೇಟು ಮೋಹಿನಿಯಾಟ್ಟದ್ದು, ಸಿಕ್ಕ ಹುದ್ದೆ ಭರತನಾಟ್ಯದ್ದು.

ರಾಮಕೃಷ್ಣನ್ ಅವರನ್ನು ‘ಕ್ವಿಯರ್’ ಪಟ್ಟಿಗೆ ಸೇರಿಸುವುದು ನಮ್ಮ ಕೆಲಸವಲ್ಲ, ಅವರು ಹಾಗೆ ಹೇಳಿಕೊಂಡವರೂ ಅಲ್ಲ. ಅವರ ಮೇಲೆ ಬಿದ್ದ ಕಲ್ಲು, ಜೋಹರ್ ಮೇಲೆ ಬಿದ್ದ ಕಲಮು, ಜೋಗಪ್ಪನ ಮೇಲೆ ಬಿದ್ದ ಲಾಠಿ ಒಂದೇ ಕಣಜದಿಂದ ಬಂದವು ಅನ್ನೋದಷ್ಟೇ ನಮ್ಮ ಮಾತು. ಅಂದಹಾಗೆ ಆ ‘ಕ್ವಿಯರ್’ ಪದ ಇಂಗ್ಲಿಷಿನಲ್ಲಿ ಬೈಗುಳವಾಗಿತ್ತು. ಬೈಸಿಕೊಂಡವರೇ ಅದನ್ನು ಎತ್ತಿ ತಮ್ಮ ಹಣೆಗೆ ಹಚ್ಚಿಕೊಂಡರು. 1975ರಲ್ಲಿ ಸಿದ್ಧಲಿಂಗಯ್ಯನವರು ‘ಹೊಲೆಮಾದಿಗರ ಹಾಡು’ ಅಂತ ಪುಸ್ತಕಕ್ಕೆ ಹೆಸರಿಟ್ಟಾಗ ಕನ್ನಡದಲ್ಲಿ ಆದದ್ದೂ ಇಂಥದ್ದೇ.

ಕಲಿಸುವ ಜಾಗದ ಬಗ್ಗೆ ಇನ್ನೊಂದು ಮಾತು. ಜೋಹರ್ ಕಲಿತ ಅದೇ ಕಲಾಕ್ಷೇತ್ರದಲ್ಲಿ 2023ರ ಮಾರ್ಚ್ ಕೊನೆಗೆ ವಿದ್ಯಾರ್ಥಿಗಳು ಲೈಂಗಿಕ ಕಿರುಕುಳದ ವಿರುದ್ಧ ಧರಣಿ ಕೂತರು, ಏಪ್ರಿಲಿನಲ್ಲಿ ಒಬ್ಬ ಅಧ್ಯಾಪಕರ ಬಂಧನವಾಯಿತು. ನೃತ್ಯ ಕಲಿಸುವವರು ಮುಟ್ಟಿ ಕಲಿಸುತ್ತಾರೆ. ಕೈ ಎತ್ತಿಸುತ್ತಾರೆ, ಮಂಡಿ ಬಗ್ಗಿಸುತ್ತಾರೆ, ಗದ್ದ ತಿರುಗಿಸುತ್ತಾರೆ. ಗಣಿತದ ಮೇಷ್ಟ್ರಿಗಿಲ್ಲದ ಅಧಿಕಾರ ಅದು. ‘ಗುರುದೇವೋ ಭವ’ ಅಂದು ಶಿಷ್ಯರ ಮೈಯನ್ನು ಗುರುವಿನ ಪಾದಕ್ಕೆ ಒಪ್ಪಿಸುವ ಪದ್ಧತಿಯಲ್ಲಿ ಬೇಡ ಅನ್ನೋ ಮಾತಿಗೆ ಜಾಗವೇ ಇರುವುದಿಲ್ಲ. ಮಾಡು ಅಂದದ್ದನ್ನು ಮಾಡುವ ಮೊದಲು ಮೈ ತನ್ನನ್ನು ತಾನು ಗಮನಿಸಲಿ ಎನ್ನುವ ಜೋಹರ್ ಥರದವರ ಪಾಠ ಇಂಥ ಕಡೆ ಬಂಡಾಯವೇ ಸರಿ. ಆದರೆ ದೆಹಲಿಯ ಸ್ಟುಡಿಯೋ ಬಾಗಿಲಿಗೆ ನಮ್ಮ ಹಟ್ಟಿಯ ಹುಡುಗ ಹೋಗಿ ಮುಟ್ಟೋದು ಯಾವಾಗ?

ಹಾಗಾದರೆ ನಮ್ಮ ಹತ್ತಿರ ಏನಿದೆ? ಮೊದಲು ಕೆ. ವೆಂಕಟಲಕ್ಷ್ಮಮ್ಮ. 1906ರಲ್ಲಿ ಕಡೂರಿನ ಕಡೆಯ ಲಂಬಾಣಿ ತಾಂಡಾದಲ್ಲಿ ಹುಟ್ಟಿ, ಜಟ್ಟಿ ತಾಯಮ್ಮನವರ ಬಳಿ ಕಲಿತು, ಮೈಸೂರು ಅರಮನೆಯಲ್ಲಿ ಕುಣಿದು, 1965ರಲ್ಲಿ ಮೈಸೂರು ವಿಶ್ವವಿದ್ಯಾಲಯ ನೃತ್ಯ ವಿಭಾಗ ತೆರೆದಾಗ ಅಲ್ಲಿ ಪಾಠ ಹೇಳಲು ಕೂತವರು. ತಾಂಡಾದ ಹೆಣ್ಣುಮಗಳ ಅಭಿನಯದ ಮುಂದೆ ಮೇಲ್ಜಾತಿಯ ಮಕ್ಕಳು ಕೂತು ಕಲಿತರು. ನಮ್ಮ ಪಠ್ಯಪುಸ್ತಕಗಳಲ್ಲಿ ಆಕೆಯ ಹೆಸರನ್ನು ಎಷ್ಟು ಮಕ್ಕಳು ಓದಿದ್ದಾರೋ!

ಆಮೇಲೆ ಮಂಜಮ್ಮ ಜೋಗತಿ. ಬಳ್ಳಾರಿ ಸೀಮೆಯ ಕಲ್ಲುಕಂಬದವರು. ಮಂಜುನಾಥ ಎಂಬ ಹುಡುಗನಾಗಿ ಹುಟ್ಟಿ, ತಾನು ಹೆಣ್ಣು ಅಂತ ಕಂಡುಕೊಂಡು, ಹುಲಿಗಿಯ ಕಡೆ ಜೋಗತಿಯಾಗಿ ದೀಕ್ಷೆ ಪಡೆದು, ಸಾಯಬೇಕು ಅನ್ನುವಷ್ಟು ಅವಮಾನ ತಿಂದು ಬದುಕಿದವರು. ಅವರಿಗೆ ಜೋಗತಿ ನೃತ್ಯ ಕಲಿಸಿದ ಗುರು ಕಾಳವ್ವ ಜೋಗತಿ. ತಲೆ ಮೇಲೆ ಎಲ್ಲಮ್ಮನ ಕೊಡ, ಪಕ್ಕದಲ್ಲಿ ಚೌಡಿಕೆ, ಸಿಲೆಬಸ್ಸು ಇಲ್ಲ, ಪರೀಕ್ಷೆ ಇಲ್ಲ. 2019ರಲ್ಲಿ ಮಂಜಮ್ಮ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, ಆ ಕುರ್ಚಿಯಲ್ಲಿ ಕೂತ ಮೊದಲ ಲಿಂಗತ್ವ ಅಲ್ಪಸಂಖ್ಯಾತೆ. 2021ರ ನವೆಂಬರಿನಲ್ಲಿ ಪದ್ಮಶ್ರೀ ತಗೊಳ್ಳಲು ರಾಷ್ಟ್ರಪತಿ ಭವನಕ್ಕೆ ಹೋದಾಗ, ರಾಷ್ಟ್ರಪತಿಯವರಿಗೇ ಸೆರಗಿನಿಂದ ದೃಷ್ಟಿ ತೆಗೆದರು. ಟೀವಿಯಲ್ಲಿ ನೋಡಿದವರು ನಕ್ಕರು, ಅತ್ತರು.

ನಮ್ಮ ಚಳವಳಿಗೂ ಎಲ್ಲಮ್ಮನಿಗೂ ಹಳೆಯ ಜಗಳ ಇದೆ. 1986ರಲ್ಲಿ ಚಂದ್ರಗುತ್ತಿಯ ಬೆತ್ತಲೆ ಸೇವೆಯನ್ನು ತಡೆಯಲು ಹೋದ ನಮ್ಮ ಹಿರಿಯರು ಏಟು ತಿಂದರು. 1982ರ ದೇವದಾಸಿ ನಿಷೇಧ ಕಾನೂನು ಬಂದ ಮೇಲೂ ದಲಿತ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟುವುದು ಪೂರಾ ನಿಂತಿಲ್ಲ. ಆ ಜಗಳ ಮುಂದುವರೀಬೇಕು, ರಾಜಿ ಇಲ್ಲ. ಆದರೆ ತಮಿಳುನಾಡಿನಲ್ಲಿ ಪದ್ಧತಿಯನ್ನು ನಿಷೇಧಿಸಿ ಕಲೆಯನ್ನು ಮೇಲಿನವರು ಎತ್ತಿಕೊಂಡು ಹೋದದ್ದನ್ನು ಕಂಡಿದ್ದೇವಲ್ಲ. ಜೋಗತಿಯ ಕುಣಿತವನ್ನು ಎತ್ತಿಕೊಂಡು ಹೋಗಲು ಈಗ ಸರ್ಕಾರಿ ಉತ್ಸವಗಳಿವೆ, ಟೂರಿಸಂ ಇಲಾಖೆಯ ಜಾಹೀರಾತುಗಳಿವೆ, ಸಿನಿಮಾದವರಿದ್ದಾರೆ. ಮೆರವಣಿಗೆಯಲ್ಲಿ ಕುಣಿಸುತ್ತಾರೆ, ಮೆರವಣಿಗೆ ಮುಗಿದ ಮೇಲೆ ಬಾಡಿಗೆಗೆ ಮನೆ ಕೊಡಲ್ಲ. ಕುಣಿತ ಬೇಕು, ಕುಣಿಯುವವರು ಬೇಡ. ಇದು ಹೊಲೆಯರ ತಮಟೆ ಬೇಕು, ಹೊಲೆಯರು ಒಳಗೆ ಬರೋದು ಬೇಡ ಅನ್ನುವ ಊರಿನ ಲೆಕ್ಕವೇ.

ಮನೆಯಲ್ಲಿ ಮೊದಲ ಡಿಗ್ರಿ ಹಿಡಿದ ನಾವು ಈ ಚರಿತ್ರೆಯನ್ನು ಇಂಗ್ಲಿಷ್ ಪುಸ್ತಕಗಳಲ್ಲಿ, ಅಮೆರಿಕ-ಸಿಂಗಪುರದ ಪ್ರಾಧ್ಯಾಪಕರ ಬರಹಗಳಲ್ಲಿ ಓದಬೇಕಾಯಿತು. ಅವರು ಕಡತ ನೋಡಿ ಬರೆದರು, ಊರೂರು ಅಲೆದು ಕೇಳಿ ಬರೆದರು, ಒಳ್ಳೆಯದೇ. ಕಾಳವ್ವನಂಥವರು ಯಾರಿಂದ ಕಲಿತರು, ಅವರಿಗೆ ಕಲಿಸಿದವರು ಯಾವ ಊರಿನವರು, ಪೊಲೀಸರು ಯಾವ ಜಾತ್ರೆಯಲ್ಲಿ ಹೊಡೆದರು, ಇದು ಯಾವ ಕಡತದಲ್ಲೂ ಇರುವುದಿಲ್ಲ. ಸವದತ್ತಿ, ಹುಲಿಗಿ, ಉಚ್ಚಂಗಿದುರ್ಗದ ಸುತ್ತಮುತ್ತಲ ಶಾಲೆಗಳಲ್ಲಿ ಕೆಲಸ ಮಾಡುವ ಮೇಷ್ಟ್ರುಗಳೇ, ಟೀಚರ್‌ಗಳೇ, ನಿಮ್ಮ ಊರಲ್ಲಿ ವಯಸ್ಸಾದ ಜೋಗಪ್ಪ, ಜೋಗತಿಯರಿದ್ದರೆ ಒಂದು ನೋಟ್‌ಬುಕ್ ತಗೊಂಡು ಹೋಗಿ ಕೂತು ಮಾತಾಡಿಸಿ. ಗುರು ಯಾರು, ಚೇಲಾ ಯಾರು, ಮೊದಲು ಗೆಜ್ಜೆ ಕಟ್ಟಿದ್ದು ಎಲ್ಲಿ ಅಂತ ಬರೆದುಕೊಳ್ಳಿ. ಅವರು ಹೆಸರು ಬೇಡ ಅಂದರೆ ಹೆಸರು ಹಾಕಬೇಡಿ. ಬರೆದದ್ದನ್ನು ಅವರಿಗೇ ಒಂದು ಸಲ ಓದಿ ಹೇಳಿ, ಆಮೇಲೆ ಪತ್ರಿಕೆಗೆ ಕಳಿಸಿ. ಮುಂದಿನ ಸಂಚಿಕೆಗಳಲ್ಲಿ ಅವಕ್ಕೆ ಪುಟ ತೆಗೆದಿಡುತ್ತೇವೆ.